ರಿಲೀಸ್ ಹಣವನ್ನು ಮೊದಲೇ ಎತ್ತಿಡಿ: 42 ಲಕ್ಷದ ಒಂದು ಕನ್ನಡ ಸಿನಿಮಾದ ಲೆಕ್ಕ

ನಮ್ಮ ಸಿನಿಮಾದ ಥಿಯೇಟರ್ ಲೆಕ್ಕ ಪೂರ್ತಿ ಕೈಗೆ ಬಂದಿದ್ದು ಹೋದ ವಾರ. ನನ್ನ ತಮ್ಮ ನಿರ್ದೇಶಕ, ನಾನು ನಿರ್ಮಾಪಕಿ. ಇಬ್ಬರಿಗೂ ಇದು ಮೊದಲ ಸಿನಿಮಾ. ಸಾಗರದ ಹತ್ತಿರ ಒಂದು ಅಡಿಕೆ ತೋಟದ ಮನೆ, ಅಲ್ಲಿ ಉಳಿದ ಅಜ್ಜ, ಅವರ ಎತ್ತುಗಳು, ಊರು ಬಿಟ್ಟ ಮಕ್ಕಳು. ಇಷ್ಟೇ ಕಥೆ. ಹೆಸರು ಮಾಡಿದ ನಟರು ಯಾರೂ ಇಲ್ಲ. ಸಿನಿಮಾದ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ, ಯಾಕೆಂದರೆ ಇದನ್ನು ಪ್ರಚಾರಕ್ಕೆ ಬರೆಯುತ್ತಿಲ್ಲ. ಶೂಟಿಂಗ್ ಹೇಗೆ ಮಾಡಬೇಕು ಅಂತ ಹೇಳಿಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ. ಮುಗಿಸಿದ ಸಿನಿಮಾವನ್ನು ಜನರ ಮುಂದೆ ಇಡಲು ಎಷ್ಟು ಬೇಕು, ಎಷ್ಟು ವಾಪಸ್ ಬರುತ್ತದೆ ಅನ್ನುವುದನ್ನು ಬಿಡಿಸಿ ಹೇಳುವವರು ಸಿಗಲಿಲ್ಲ. ಈಗ ಕೆಲಸಕ್ಕೆ ಇಳಿಯುತ್ತಿರುವವರಿಗೆ ಇದು ಉಪಯೋಗ ಆಗಲಿ.

ಮೊದಲು ಹಣದ ವಿಷಯ. ಒಟ್ಟು 42 ಲಕ್ಷ. ನನ್ನ ಮತ್ತು ತಮ್ಮನ ಉಳಿತಾಯ 14 ಲಕ್ಷ, ಸೊಸೈಟಿಯಲ್ಲಿ ಒಡವೆ ಇಟ್ಟು ತಂದಿದ್ದು 5 ಲಕ್ಷ, ಸ್ನೇಹಿತರು ಮತ್ತು ನೆಂಟರು ಹಾಕಿದ್ದು 23 ಲಕ್ಷ. ಬ್ಯಾಂಕಿಗೆ ಹೋಗಿ ಕೇಳಿದೆವು. ಅಡ ಇಡಲು ಆಸ್ತಿ ಇಲ್ಲದೆ, ಹೊಸಬರ ಕಥೆಯೊಂದನ್ನೇ ನಂಬಿ ಯಾರೂ ಸಾಲ ಕೊಡುವುದಿಲ್ಲ. ಗಾಂಧಿನಗರದಲ್ಲಿ ಫೈನಾನ್ಸ್ ಸಿಗುತ್ತದೆ ಅಂದರು. ನಮಗೆ ಹೇಳಿದ ಬಡ್ಡಿ ತಿಂಗಳಿಗೆ ನೂರಕ್ಕೆ 3 ರೂಪಾಯಿ. 15 ಲಕ್ಷ ತಂದರೆ ತಿಂಗಳಿಗೆ 45 ಸಾವಿರ. ಸಣ್ಣ ಸಿನಿಮಾ ಶುರುವಾಗಿ ರಿಲೀಸ್ ಆಗಲು ಒಂದೂವರೆ ವರ್ಷ ಸುಲಭವಾಗಿ ಹಿಡಿಯುತ್ತದೆ. ಅಷ್ಟರಲ್ಲಿ ಬಡ್ಡಿಯೇ 8 ಲಕ್ಷ ದಾಟುತ್ತದೆ. ಜೊತೆಗೆ ಸಿನಿಮಾದ ಹಕ್ಕುಪತ್ರ ಅವರ ಹತ್ತಿರ ಇರುತ್ತದೆ, ಸಾಲ ತೀರುವ ತನಕ ರಿಲೀಸ್ ಮಾಡಲು ಅವರ ಒಪ್ಪಿಗೆ ಬೇಕು. ಅಮ್ಮ ಅವತ್ತು ರಾತ್ರಿ ಊಟಕ್ಕೆ ಕೂತಾಗ ಒಂದೇ ಮಾತು ಹೇಳಿದರು: "ಬಡ್ಡಿ ದುಡ್ಡಲ್ಲಿ ಮಾಡೋದಾದ್ರೆ ಬೇಡ ಕಣೇ." ಆ ದಾರಿ ಅಲ್ಲಿಗೆ ಬಿಟ್ಟೆವು.

ಜನರಿಂದ ಹಣ ಎತ್ತುವ ಮಾತು ಬಂದ ಕೂಡಲೇ ಎಲ್ಲರೂ ಲೂಸಿಯಾ ಹೆಸರು ಹೇಳುತ್ತಾರೆ. 2013ರಲ್ಲಿ ತೆರೆಗೆ ಬಂದ ಆ ಸಿನಿಮಾಕ್ಕೆ ಪ್ರೇಕ್ಷಕರಿಂದಲೇ ಸುಮಾರು 50 ಲಕ್ಷ ಕೂಡಿದ್ದು ನಿಜ. ಆದರೆ ನಮ್ಮ ಆಡಿಟರ್ ಒಂದು ವಿಷಯ ಖಡಾಖಂಡಿತವಾಗಿ ಹೇಳಿದರು. ಫೇಸ್‌ಬುಕ್‌ನಲ್ಲಿ ಹಾಕಿ, ಗುರುತಿಲ್ಲದವರಿಂದ "ಲಾಭದಲ್ಲಿ ಪಾಲು ಕೊಡುತ್ತೇವೆ" ಅಂತ ಹಣ ತೆಗೆದುಕೊಳ್ಳುವುದು ಕಾನೂನಿನ ತೊಡಕಿಗೆ ದಾರಿ. ಪಾಲು ಮಾರಿ ಹಣ ಎತ್ತುವ ಅನಧಿಕೃತ ವೆಬ್ ವೇದಿಕೆಗಳ ಬಗ್ಗೆ ಷೇರು ಮಾರುಕಟ್ಟೆ ನಿಯಂತ್ರಕ ಸೆಬಿ 2016ರಲ್ಲೇ ಎಚ್ಚರಿಕೆ ಕೊಟ್ಟಿದೆ. ಹಾಗಾಗಿ ನಾವು ಗೊತ್ತಿರುವವರನ್ನು ಮಾತ್ರ ಸೇರಿಸಿಕೊಂಡು ಒಂದು ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ ಸಂಸ್ಥೆ) ಮಾಡಿದೆವು. ಹಣ ಹಾಕಿದವರೆಲ್ಲ ಅದರಲ್ಲಿ ಪಾಲುದಾರರು. ಬಂದ ಹಣದಲ್ಲಿ ಮೊದಲು ಅವರ 23 ಲಕ್ಷ ತೀರಬೇಕು, ಆಮೇಲೆ ಒಡವೆ ಸಾಲ, ಕೊನೆಗೆ ನಮ್ಮದು. ಲಾಭ ಬಂದರೆ ಪಾಲಿನ ಪ್ರಕಾರ. ಇದನ್ನೆಲ್ಲ ಕರಾರಿನಲ್ಲಿ ಬರೆಸಿದೆವು. ನೆಂಟರ ಹತ್ತಿರ ಕಾಗದಕ್ಕೆ ಸಹಿ ಕೇಳುವುದು ನನಗೆ ಬಹಳ ಮುಜುಗರದ ಕೆಲಸ. ಚಿಕ್ಕಪ್ಪ ಒಬ್ಬರು "ನಮ್ಮ ಮಧ್ಯೆ ಇದೆಲ್ಲ ಯಾಕಮ್ಮ?" ಅಂದರು. ಆದರೂ ಸಹಿ ಹಾಕಿಸಿದೆ. ಇವತ್ತು ಯಾರ ಮನೆಗೆ ಹೋದರೂ ಮುಖ ಕೊಟ್ಟು ಮಾತಾಡಲು ಆಗುತ್ತಿರುವುದು ಆ ಕಾಗದದಿಂದ.

ಎಲ್‌ಎಲ್‌ಪಿ ಮಾಡುವವರಿಗೆ ಒಂದು ಸೂಚನೆ. ವ್ಯವಹಾರ ಇರಲಿ ಬಿಡಲಿ, ಪ್ರತಿ ವರ್ಷ ಮೇ 30ರ ಒಳಗೆ ಫಾರಂ 11, ಅಕ್ಟೋಬರ್ 30ರ ಒಳಗೆ ಫಾರಂ 8 ಸಲ್ಲಿಸಬೇಕು. ತಡವಾದಷ್ಟೂ ದಂಡ ಏರುತ್ತಾ ಹೋಗುತ್ತದೆ. ಇನ್ನೊಂದು, ಸಿನಿಮಾ ನಿರ್ಮಾಪಕರು ವರ್ಷದಲ್ಲಿ ಒಬ್ಬರಿಗೆ 50 ಸಾವಿರಕ್ಕಿಂತ ಜಾಸ್ತಿ ಕೊಟ್ಟಿದ್ದರೆ ಅದರ ವಿವರವನ್ನು ಆದಾಯ ತೆರಿಗೆಯವರಿಗೆ ಕೊಡಬೇಕು. ನಮ್ಮ ಹೊತ್ತಿಗೆ ಅದು ಫಾರಂ 52ಎ. ಸಿನಿಮಾದ ಅನುಭವ ಇಲ್ಲದ ಆಡಿಟರ್‌ಗಳಿಗೆ ಇದು ನೆನಪಿಗೆ ಬಾರದೇ ಇರಬಹುದು. ನೀವೇ ನೆನಪು ಮಾಡಿ.

ಈಗ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ವಿಷಯ. 42 ಲಕ್ಷದಲ್ಲಿ 31 ಲಕ್ಷ ಮಾತ್ರ ಸಿನಿಮಾ ಮಾಡಲು. ಉಳಿದ 11 ಲಕ್ಷ ರಿಲೀಸಿಗೆ ಅಂತ ಮೊದಲ ದಿನವೇ ಬೇರೆ ಖಾತೆಗೆ ಹಾಕಿದೆವು. ನಮ್ಮ ಕ್ಯಾಮೆರಾಮನ್ ಈ ಹಿಂದೆ ಕೆಲಸ ಮಾಡಿದ ಸಿನಿಮಾಗಳಲ್ಲಿ ಕೆಲವು ಸೆನ್ಸಾರ್ ಆಗಿಯೂ ಹಾರ್ಡ್‌ಡಿಸ್ಕ್‌ನಲ್ಲೇ ಉಳಿದಿವೆ. ಹಣ ಎಲ್ಲ ಶೂಟಿಂಗಿಗೇ ಮುಗಿದುಹೋಗಿತ್ತಂತೆ. "ಅಕ್ಕ, ಈ ಖಾತೆಯ ಚೆಕ್‌ಬುಕ್ ನಿಮ್ಮ ತಮ್ಮನ ಕೈಗೆ ಕೊಡಬೇಡಿ" ಅಂತ ಅವರೇ ಹೇಳಿದರು. ಮಳೆಯಿಂದ ಶೂಟಿಂಗ್ ನಿಂತಾಗ ಆ ಹಣದ ಮೇಲೆ ಎಲ್ಲರ ಕಣ್ಣು ಬಿತ್ತು. ಯೂನಿಟ್ ಊಟ, ಬಾಟಾ (ದಿನಭತ್ಯೆ), ಜನರೇಟರ್, ಕ್ಯಾಮೆರಾ ಬಾಡಿಗೆ ಎಲ್ಲ ಸುಮ್ನೆ ಏರುತ್ತಿತ್ತು. ತಮ್ಮನಿಗೆ ಕ್ಲೈಮ್ಯಾಕ್ಸ್‌ಗೆ ಡ್ರೋನ್ ಶಾಟ್ ಬೇಕಿತ್ತು. ನಾನು ಕೊಡಲಿಲ್ಲ. ಎರಡು ದಿನ ಅವನು ಸರಿಯಾಗಿ ಮಾತಾಡಲಿಲ್ಲ. ಕೊನೆಗೆ ಗುಡ್ಡದ ಮೇಲೆ ಟ್ರೈಪಾಡ್ ಇಟ್ಟು ಅದೇ ದೃಶ್ಯ ತೆಗೆದ. ಅದು ಚೆನ್ನಾಗಿಯೇ ಬಂದಿದೆ.

ಕಾಗದದ ಕೆಲಸ ಶೂಟಿಂಗಿಗೂ ಮೊದಲೇ ಶುರುವಾಗುತ್ತದೆ. ಫಿಲಂ ಚೇಂಬರಿನಲ್ಲಿ ಮೊದಲು ಬ್ಯಾನರ್ (ನಿರ್ಮಾಣ ಸಂಸ್ಥೆಯ ಹೆಸರು) ನೋಂದಣಿ, ಆಮೇಲೆ ಟೈಟಲ್. ನಾವು ಇಷ್ಟಪಟ್ಟ ಹೆಸರು ಆಗಲೇ ಬೇರೆಯವರ ಹತ್ತಿರ ಇತ್ತು. ಹಾಗಾಗಿ ಮೂರ್ನಾಲ್ಕು ಹೆಸರು ಕೈಯಲ್ಲಿ ಇಟ್ಟುಕೊಂಡೇ ಹೋಗಿ. ಟೈಟಲ್‌ಗೆ ಅವಧಿ ಇರುತ್ತದೆ, ಅದು ಮುಗಿಯುವ ಮೊದಲು ನವೀಕರಿಸಿ. ಬ್ಯಾನರ್ ಹೆಸರು, ಪ್ಯಾನ್, ಬ್ಯಾಂಕ್ ಖಾತೆ, ಸೆನ್ಸಾರ್ ಅರ್ಜಿ, ಎಲ್ಲದರಲ್ಲೂ ನಿರ್ಮಾಪಕರ ಹೆಸರು ಒಂದೇ ಅಕ್ಷರದಲ್ಲಿ ಇರಲಿ. ಮುಂದೆ ಸಹಾಯಧನ, ಪ್ರಶಸ್ತಿ, ಓಟಿಟಿ ಹಣ ಏನೇ ಬಂದರೂ ಸೆನ್ಸಾರ್ ಸರ್ಟಿಫಿಕೇಟ್‌ನಲ್ಲಿರುವ ಹೆಸರನ್ನೇ ನೋಡುತ್ತಾರೆ.

ಎತ್ತುಗಳ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಳ್ಳಿಯ ಸಿನಿಮಾ ಮಾಡುವವರೆಲ್ಲ ಇದನ್ನು ಓದಿ. ಸಿನಿಮಾದಲ್ಲಿ ಪ್ರಾಣಿ ಬಳಸಿದರೆ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಬೇಕು. ಮಂಡಳಿಯ ಕಚೇರಿ ಈಗ ಇರುವುದು ಹರಿಯಾಣದ ಬಲ್ಲಭಗಢದಲ್ಲಿ. ಶೂಟಿಂಗಿಗೆ ಮೊದಲೇ ಅರ್ಜಿ ಹಾಕಬೇಕು. ಯಾವ ಪ್ರಾಣಿ, ಎಷ್ಟು, ಯಾರದ್ದು, ಯಾವ ದೃಶ್ಯದಲ್ಲಿ ಏನು ಮಾಡುತ್ತದೆ ಅಂತ ಬರೆಯಬೇಕು. ಪಶುವೈದ್ಯರ ಸರ್ಟಿಫಿಕೇಟ್ ಬೇಕು. ಶೂಟಿಂಗ್ ಆದಮೇಲೆ ಆ ದೃಶ್ಯಗಳನ್ನು ಕಳಿಸಿ ನಿರಾಕ್ಷೇಪಣಾ ಪತ್ರ ಪಡೆಯಬೇಕು. ಅದಿಲ್ಲದೆ ಸೆನ್ಸಾರ್ ಮುಂದಕ್ಕೆ ಹೋಗುವುದಿಲ್ಲ. ನಮ್ಮ ಎತ್ತುಗಳಿಗೆ ಎಲ್ಲ ಕಾಗದ ಸರಿಯಾಗಿಯೇ ಇತ್ತು. ಆದರೆ ಒಂದು ಹಾಡಿನಲ್ಲಿ ಅಂಗಳದ ಕೋಳಿಗಳು ಓಡಾಡುತ್ತವೆ. ಇನ್ನೊಂದು ಕಡೆ ಜಗಲಿಯ ಕೆಳಗೆ ಒಂದು ನಾಯಿ ಮಲಗಿದೆ. ಅವು ನಾವು ತಂದ ಪ್ರಾಣಿಗಳಲ್ಲ, ಆ ಮನೆಯವು. ಅವುಗಳಿಗೂ ವಿವರಣೆ ಬರೆದುಕೊಟ್ಟೆವು. ಯಾವ ನಿಮಿಷ, ಯಾವ ಸೆಕೆಂಡಿನಲ್ಲಿ ಕಾಣುತ್ತವೆ ಅಂತ ಪಟ್ಟಿ ಮಾಡಿ, ಕ್ಲಿಪ್ ಕತ್ತರಿಸಿ ಕಳಿಸಿದೆವು. ಪತ್ರ ಬರುವ ತನಕ ರಿಲೀಸ್ ದಿನ ಹೇಳುವಂತಿಲ್ಲ. ಪ್ರತಿದಿನ ಬೆಳಗ್ಗೆ ಎದ್ದು ಮೇಲ್ ನೋಡುವುದೇ ಕೆಲಸ ಆಗಿತ್ತು. ಪ್ರಾಣಿ ಇರುವ ಪ್ರತಿ ಶಾಟಿನ ಪಟ್ಟಿಯನ್ನು ಶೂಟಿಂಗ್ ದಿನವೇ ಬರೆದಿಡಲು ಒಬ್ಬ ಅಸಿಸ್ಟೆಂಟ್‌ಗೆ ಹೇಳಿ. ಎಡಿಟ್ ಆದಮೇಲೆ ಹುಡುಕುವುದು ಕಷ್ಟ.

ಸೆನ್ಸಾರ್ ಅರ್ಜಿ ಈಗ ಆನ್‌ಲೈನ್, ಇ-ಸಿನೆಪ್ರಮಾಣ್ ಪೋರ್ಟಲ್ ಮೂಲಕ. ಸಂಭಾಷಣೆ ಮತ್ತು ಹಾಡುಗಳ ಪೂರ್ತಿ ಪ್ರತಿ ಕೊಡಬೇಕು, ಅದು ಅಂತಿಮ ಸಿನಿಮಾದ ಜೊತೆ ಹೊಂದಬೇಕು. ನಮ್ಮ ಅಜ್ಜ ಬೀಡಿ ಸೇದುತ್ತಾರೆ, ಎಲೆಯಡಿಕೆ ಜೊತೆ ಹೊಗೆಸೊಪ್ಪು ಹಾಕುತ್ತಾರೆ. ಹಾಗಾಗಿ ಸಿನಿಮಾದ ಶುರುವಿನಲ್ಲಿ ಮತ್ತು ಮಧ್ಯದಲ್ಲಿ 30 ಸೆಕೆಂಡಿನ ತಂಬಾಕು ವಿರೋಧಿ ಚಿತ್ರ, 20 ಸೆಕೆಂಡಿನ ಎಚ್ಚರಿಕೆ, ಮತ್ತೆ ಬೀಡಿ ಕಾಣುವ ಅಷ್ಟೂ ಹೊತ್ತು ಕೆಳಗೆ ಬಿಳಿ ಪಟ್ಟಿಯಲ್ಲಿ ಕಪ್ಪು ಅಕ್ಷರದ ಸಾಲು. ಇದನ್ನೆಲ್ಲ ಕೊನೆಯ ಧ್ವನಿ ಮಿಕ್ಸಿಂಗಿಗೆ ಮೊದಲೇ ಸೇರಿಸಿಕೊಳ್ಳಿ. ಒಂದು ಬೈಗುಳ ಮ್ಯೂಟ್ ಆಯಿತು. ನಮಗೆ ಸಿಕ್ಕಿದ್ದು ಯುಎ 13+. ಯುಎ ಒಳಗೆ 7+, 13+, 16+ ಅಂತ ವಿಂಗಡಣೆ ಬಂದಿದ್ದು 2023ರ ತಿದ್ದುಪಡಿಯಿಂದ. ಸರ್ಟಿಫಿಕೇಟ್ ಕೈಗೆ ಬಂದ ದಿನ ತಮ್ಮ ಅದನ್ನು ದೇವರ ಮುಂದೆ ಇಟ್ಟ. ಅವತ್ತು ಅಮ್ಮ ಪಾಯಸ ಮಾಡಿದ್ದರು.

ಆಮೇಲೆ ಗಾಂಧಿನಗರ. ವಿತರಕರ ಆಫೀಸಿಗೆ ಹೋದರೆ ಮೊದಲ ಪ್ರಶ್ನೆ "ಹೀರೋ ಯಾರು?" ಅಂತ. ಎರಡನೆಯದು "ಪಬ್ಲಿಸಿಟಿಗೆ ಎಷ್ಟು ಇಟ್ಟಿದ್ದೀರಿ?" ಸಿನಿಮಾ ನೋಡುತ್ತೇನೆ ಅಂತ ಲಿಂಕ್ ತೆಗೆದುಕೊಂಡವರಲ್ಲಿ ಬಹಳ ಜನ ನೋಡಲೇ ಇಲ್ಲ. ಇದು ನೋವು ಕೊಡುತ್ತದೆ, ಸಿದ್ಧವಾಗಿರಿ. ಔಟ್‌ರೇಟ್ ಅಂದರೆ ಒಂದು ಮೊತ್ತ ಕೊಟ್ಟು ಹಕ್ಕು ಕೊಂಡುಕೊಳ್ಳುವುದು. ಮಿನಿಮಮ್ ಗ್ಯಾರಂಟಿ ಅಂದರೆ ಇಷ್ಟಂತೂ ಕೊಡುತ್ತೇನೆ ಅನ್ನುವುದು. ಇವೆರಡೂ ಹೊಸಬರ ಸಣ್ಣ ಸಿನಿಮಾಕ್ಕೆ ಸಿಗುವುದು ಅಪರೂಪ. ನಮಗೆ ಉಳಿದದ್ದು ಕಮಿಷನ್ ದಾರಿ. ಖರ್ಚೆಲ್ಲ ನಮ್ಮದು, ವಿತರಕರು ಥಿಯೇಟರ್ ಹೊಂದಿಸಿ, ಥಿಯೇಟರಿನವರ ಪಾಲು ಕಳೆದು ಬಂದ ಶೇರ್‌ನಲ್ಲಿ ನೂರಕ್ಕೆ 15 ಹಿಡಿದುಕೊಳ್ಳುತ್ತಾರೆ. ನಮಗೆ ಸಿಕ್ಕ ವಿತರಕರು ಒಳ್ಳೆಯವರು. ಮೊದಲ ಭೇಟಿಯಲ್ಲೇ "ನೋಡಿ ಮೇಡಂ, ಹಾಕಿದ್ದು ಥಿಯೇಟರಿಂದ ಬರಲ್ಲ, ಆ ಆಸೆ ಇಟ್ಟುಕೋಬೇಡಿ" ಅಂದರು. ಅಷ್ಟು ನೇರವಾಗಿ ಹೇಳಿದವರು ಅವರೊಬ್ಬರೇ, ಅದಕ್ಕೇ ಅವರನ್ನು ಒಪ್ಪಿಕೊಂಡೆ.

ಒಂದು ಟಿಕೆಟ್‌ನಲ್ಲಿ ನಿಮಗೆ ಎಷ್ಟು ಉಳಿಯುತ್ತದೆ ಅಂತ ಮೊದಲೇ ಲೆಕ್ಕ ಹಾಕಿ. ಮಲ್ಟಿಪ್ಲೆಕ್ಸ್‌ನಲ್ಲಿ 200 ರೂಪಾಯಿ ಟಿಕೆಟ್ ಅಂದುಕೊಳ್ಳಿ. ಅದರಲ್ಲಿ 18% ಜಿಎಸ್‌ಟಿ ತೆಗೆದರೆ ಸುಮಾರು 169. ಮೊದಲ ವಾರ ನಮ್ಮ ಪಾಲು ಅರ್ಧ, ಅಂದರೆ 85ರ ಹತ್ತಿರ. ವಿತರಕರ ಕಮಿಷನ್ ಹೋಗಿ ಉಳಿಯುವುದು 72. ಎರಡನೇ ವಾರದಿಂದ ಪಾಲು ಇನ್ನೂ ಇಳಿಯುತ್ತದೆ. 100 ರೂಪಾಯಿವರೆಗಿನ ಟಿಕೆಟ್‌ಗೆ 2025ರ ಸೆಪ್ಟೆಂಬರ್ 22ರಿಂದ ತೆರಿಗೆ 5% ಆಗಿದೆ, ಅದು ಸಣ್ಣ ಊರಿನ ಥಿಯೇಟರ್‌ಗಳಿಗೆ ಒಳ್ಳೆಯದು. ಆದರೆ ಸಿಂಗಲ್ ಸ್ಕ್ರೀನ್‌ಗಳಲ್ಲಿ ನಮಗೆ ಸಿಕ್ಕಿದ್ದು ವಾರದ ಬಾಡಿಗೆ ಪದ್ಧತಿ. ಜನ ಬರಲಿ ಬಿಡಲಿ, ಬಾಡಿಗೆ ಮೊದಲೇ ಕಟ್ಟಬೇಕು. 42 ಲಕ್ಷವನ್ನು 72ರಿಂದ ಭಾಗಿಸಿ ನೋಡಿ. 58 ಸಾವಿರಕ್ಕೂ ಹೆಚ್ಚು ಜನ ಬೇಕು. ಈ ಸಂಖ್ಯೆಯನ್ನು ನಾನು ಗೋಡೆಯ ಮೇಲೆ ಬರೆದಿಟ್ಟುಕೊಂಡಿದ್ದೆ.

ರಿಲೀಸಿನ 11 ಲಕ್ಷ ಹೋದದ್ದು ಹೀಗೆ. ಪೋಸ್ಟರ್, ಟ್ರೇಲರ್, ಆನ್‌ಲೈನ್ ಜಾಹೀರಾತು ಸೇರಿ 4.5 ಲಕ್ಷ. ಡಿಜಿಟಲ್ ಪ್ರೊಜೆಕ್ಷನ್ ಕಂಪನಿಗಳಿಗೆ 14 ಮಲ್ಟಿಪ್ಲೆಕ್ಸ್ ಮತ್ತು 5 ಸಿಂಗಲ್ ಸ್ಕ್ರೀನ್ ಸೇರಿ 2.4 ಲಕ್ಷ. ಸಿಂಗಲ್ ಸ್ಕ್ರೀನ್ ಬಾಡಿಗೆ 1.5 ಲಕ್ಷ. ಪ್ರಚಾರ ನೋಡಿಕೊಳ್ಳುವ ಪಿಆರ್‌ಒ ಮತ್ತು ಪತ್ರಿಕಾಗೋಷ್ಠಿಗೆ 1.1 ಲಕ್ಷ. ಡಿಸಿಪಿ (ಥಿಯೇಟರಿಗೆ ಹೋಗುವ ಡಿಜಿಟಲ್ ಪ್ರತಿ), ಇಂಗ್ಲಿಷ್ ಸಬ್‌ಟೈಟಲ್‌ಗೆ 60 ಸಾವಿರ. ಉಳಿದ 90 ಸಾವಿರ ಓಡಾಟಕ್ಕೆ. ಬೆಂಗಳೂರಿನಲ್ಲಿ ಅನುಮತಿ ಇಲ್ಲದೆ ಗೋಡೆಗೆ ಪೋಸ್ಟರ್ ಅಂಟಿಸುವಂತಿಲ್ಲ, 1981ರ ಕಾಯ್ದೆಯೇ ಇದೆ, ಕೇಸ್ ಆಗುತ್ತದೆ. ಗೋಡೆ ಪೋಸ್ಟರಿಗೆ ಹೋಗಬಹುದಿದ್ದ ಹಣವನ್ನು ನಾವು ಶಿವಮೊಗ್ಗ, ಸಾಗರ, ಶಿರಸಿ ಕಡೆಯ ಜನರಿಗೆ ಫೋನಿನಲ್ಲಿ ಕಾಣುವ ಜಾಹೀರಾತಿಗೆ ಹಾಕಿದೆವು. ಸಬ್‌ಟೈಟಲ್ ಖಂಡಿತ ಮಾಡಿಸಿ. ಬೆಂಗಳೂರಿನ ಮಲ್ಟಿಪ್ಲೆಕ್ಸ್‌ಗಳಲ್ಲಿ ಕನ್ನಡ ಬರದ ಸ್ನೇಹಿತರನ್ನು ಕರೆದುಕೊಂಡು ಬಂದವರು ಎಷ್ಟೋ ಜನ.

ರಿಲೀಸ್ ವಾರ ನಿದ್ದೆ ಇರಲಿಲ್ಲ. ಶೋ ಪಟ್ಟಿ ಬಂದಿದ್ದು ಬುಧವಾರ ರಾತ್ರಿ. ಬಹುತೇಕ ಬೆಳಗ್ಗೆ 10ರ ಆಸುಪಾಸಿನ ಮತ್ತು ಮಧ್ಯಾಹ್ನದ ಶೋಗಳು. ಕೆಲಸಕ್ಕೆ ಹೋಗುವವರು ಆ ಹೊತ್ತಿಗೆ ಬರುವುದು ಹೇಗೆ, ಅಲ್ವಾ? ಸಂಜೆಯ ಶೋ ಎಲ್ಲ ದೊಡ್ಡ ಸಿನಿಮಾಗಳಿಗೆ. ಶುಕ್ರವಾರ ಒಂದು ಜಿಲ್ಲಾ ಕೇಂದ್ರದ ಥಿಯೇಟರಿನಲ್ಲಿ ಮೊದಲ ಶೋ ಶುರುವೇ ಆಗಲಿಲ್ಲ. ಡಿಸಿಪಿ ತೆರೆಯಲು ಕೆಡಿಎಂ ಅನ್ನುವ ಕೀ ಬೇಕು, ಆ ಕೀ ಒಂದು ನಿರ್ದಿಷ್ಟ ಸರ್ವರ್‌ಗೆ, ನಿರ್ದಿಷ್ಟ ದಿನಗಳಿಗೆ ಮಾತ್ರ ಕೆಲಸ ಮಾಡುತ್ತದೆ. ಥಿಯೇಟರಿನವರು ಗುರುವಾರ ರಾತ್ರಿ ಸ್ಕ್ರೀನ್ ಬದಲಿಸಿದ್ದರು, ನಮಗೆ ಹೇಳಿರಲಿಲ್ಲ. ಹೊಸ ಕೀ ಬರಲು ಮುಕ್ಕಾಲು ಗಂಟೆ ಹಿಡಿಯಿತು. ಅಲ್ಲಿ ಕೂತಿದ್ದವರಲ್ಲಿ ನಮ್ಮ ಅಜ್ಜನ ಪಾತ್ರ ಮಾಡಿದವರ ಮನೆಯವರೂ ಇದ್ದರು. ಯಾರೂ ಎದ್ದು ಹೋಗಲಿಲ್ಲ. ನಾನು ಫೋನ್ ಹಿಡಿದು ಹೊರಗೆ ನಿಂತು ಅತ್ತೆ. ಗುರುವಾರ ಸಂಜೆ ಪ್ರತಿ ಥಿಯೇಟರಿಗೂ ಫೋನ್ ಮಾಡಿ, ಯಾವ ಸ್ಕ್ರೀನ್, ಕೀ ತೆರೆಯಿತಾ ಅಂತ ಕೇಳಲು ಒಬ್ಬರನ್ನು ಇಟ್ಟುಕೊಳ್ಳಿ.

ಭಾನುವಾರ ಒಂದೆರಡು ಕಡೆ ಹೌಸ್‌ಫುಲ್ ಬೋರ್ಡ್ ಬಿತ್ತು. ಆದರೆ ಸೋಮವಾರದ ಡಿಸಿಆರ್ (ಥಿಯೇಟರಿನ ದಿನದ ಗಳಿಕೆಯ ಲೆಕ್ಕ) ನೋಡಿಯೇ ಎರಡನೇ ವಾರ ತೀರ್ಮಾನ ಆಗುತ್ತದೆ. ಸೋಮವಾರ ನಮ್ಮಲ್ಲಿ ಜನ ಕಡಿಮೆ. ವಿತರಕರ ಸಲಹೆಯಂತೆ ನಾವೇ ಸ್ಕ್ರೀನ್ ಇಳಿಸಲು ಒಪ್ಪಿ, ಬದಲಿಗೆ ಬೆಂಗಳೂರು, ಮೈಸೂರು, ಶಿವಮೊಗ್ಗದಲ್ಲಿ ಒಂದೊಂದು ಸಂಜೆ ಶೋ ಕೇಳಿದೆವು. ಮೂರೂ ಸಿಕ್ಕಿತು. ಹಲವು ಕಡೆ ಬೆಳಗಿನ ಶೋ ಇರುವುದಕ್ಕಿಂತ ಇದು ಎಷ್ಟೋ ಮೇಲು. ಬಾಯಿಮಾತಿನಿಂದ ಬಂದ ಜನರೆಲ್ಲ ಈ ಮೂರು ಶೋಗಳಿಗೇ ಬಂದರು.

ಓಟಿಟಿ ಬಗ್ಗೆ ಬಹಳ ಜನರಿಗೆ ದೊಡ್ಡ ನಿರೀಕ್ಷೆ ಇದೆ. ಕನ್ನಡದ ಸಣ್ಣ ಸಿನಿಮಾವನ್ನು ಮುಂಗಡ ಕೊಟ್ಟು ಕೊಳ್ಳುವವರು ಈಗ ತೀರಾ ಕಡಿಮೆ. ರಕ್ಷಿತ್ ಶೆಟ್ಟಿ ಅವರಂಥವರ ಬ್ಯಾನರ್ ಕೂಡ 2024ರಲ್ಲಿ ತಮ್ಮ ವೆಬ್ ಸರಣಿಯನ್ನು ತಮ್ಮದೇ ತಾಣದಲ್ಲಿ ಬಿಡುಗಡೆ ಮಾಡಿತು. ಒಬ್ಬ ಮಧ್ಯವರ್ತಿ 2 ಲಕ್ಷ ಮುಂಗಡ ಕೊಟ್ಟರೆ ದೊಡ್ಡ ಕಂಪನಿಗೆ ಮಾರಿಸಿಕೊಡುತ್ತೇನೆ ಅಂದ. ಬರವಣಿಗೆಯಲ್ಲಿ ಕೊಡಿ ಅಂದೆ, ಆಮೇಲೆ ಫೋನ್ ಎತ್ತಲಿಲ್ಲ. ಸಿನಿಮಾ ಮಾರಿಸಲು ನೀವು ಮೊದಲೇ ಹಣ ಕೊಡಬೇಕು ಅನ್ನುವವರಿಂದ ದೂರ ಇರಿ. ನಾವು ಕೊನೆಗೆ ಒಂದು ಅಗ್ರಿಗೇಟರ್ (ಸಿನಿಮಾಗಳನ್ನು ಓಟಿಟಿಗೆ ತಲುಪಿಸುವ ಸಂಸ್ಥೆ) ಮೂಲಕ ಹೋದೆವು. ಜನ ನೋಡಿದಷ್ಟು ಹೊತ್ತಿಗೆ ಲೆಕ್ಕ ಹಾಕಿ ಪಾಲು ಕೊಡುತ್ತಾರೆ. ಅವರು ಕೇಳಿದ ಕಾಗದಗಳ ಪಟ್ಟಿ ಉದ್ದ: ಕಥೆ, ಸಂಗೀತ, ಸಾಹಿತ್ಯ, ಪ್ರತಿ ನಟರ ಕರಾರು, ಸೆನ್ಸಾರ್ ಸರ್ಟಿಫಿಕೇಟ್, 5.1 ಮತ್ತು ಸ್ಟೀರಿಯೋ ಎರಡೂ ಧ್ವನಿ. ಒಂದು ದೃಶ್ಯದಲ್ಲಿ ಅಜ್ಜನ ಮನೆಯ ರೇಡಿಯೋದಲ್ಲಿ ಹಳೆಯ ಹಾಡು ಕೇಳಿಸುತ್ತಿತ್ತು. ಹಕ್ಕು ಕೇಳಿದರೆ ನಮ್ಮ ಶಕ್ತಿಗೆ ಮೀರಿದ ಮೊತ್ತ. ಸಂಗೀತ ನಿರ್ದೇಶಕರು ಮಿಕ್ಸಿಂಗಿಗೆ ಮೊದಲೇ ಅದನ್ನು ತೆಗೆದು ಸ್ವಂತ ರಾಗ ಹಾಕಿದ್ದರಿಂದ ಉಳಿದುಕೊಂಡೆವು.

ನನಗೆ ಅತಿ ಹೆಚ್ಚು ಸಂತೋಷ ಕೊಟ್ಟಿದ್ದು ಥಿಯೇಟರಿನ ಹೊರಗಿನ ಪ್ರದರ್ಶನಗಳು. ನಮ್ಮ ಸೀಮೆಗೆ ಇದು ಹೊಸದೇನಲ್ಲ. ಹೆಗ್ಗೋಡಿನ ನೀನಾಸಂ 1973ರಲ್ಲೇ ಚಿತ್ರಸಮಾಜ ಕಟ್ಟಿದ್ದು. ಬೆಂಗಳೂರಿನ ಸುಚಿತ್ರಾ ಫಿಲಂ ಸೊಸೈಟಿ ಅದಕ್ಕೂ ಎರಡು ವರ್ಷ ಹಳೆಯದು. ಕಾಲೇಜುಗಳು, ಸಾಹಿತ್ಯ ಬಳಗಗಳು, ಹೊರದೇಶದ ಎರಡು ಕನ್ನಡ ಕೂಟಗಳು ತಮ್ಮ ಸದಸ್ಯರಿಗೆ ಸಿನಿಮಾ ತೋರಿಸಿದವು. ನಾವು ಒಂದು ಪ್ರದರ್ಶನಕ್ಕೆ ಇಷ್ಟು ಅಂತ ಗೌರವಧನ ತೆಗೆದುಕೊಂಡೆವು. ಕಾಲೇಜಿಗೆ ಕಡಿಮೆ, ಹೊರದೇಶಕ್ಕೆ ಜಾಸ್ತಿ. ಸಿನಿಮಾ ಮುಗಿದ ಮೇಲೆ ಜನ ಗಂಟೆಗಟ್ಟಲೆ ಕೂತು ಮಾತಾಡುತ್ತಾರೆ. ತೋಟ ಮಾರಬೇಕಾ ಬೇಡವಾ ಅಂತ ತಮ್ಮ ಮನೆಯ ಜಗಳವನ್ನೇ ನಮ್ಮ ಮುಂದೆ ಇಡುತ್ತಾರೆ. ಕರೆದವರಿಗೆ ನಾನು ಮೊದಲೇ ಹೇಳುವುದು ಮೂರು ವಿಷಯ: ಕತ್ತಲೆ ಇರುವ ಕೋಣೆ, ಒಳ್ಳೆಯ ಸ್ಪೀಕರ್, ಹಿಂದಿನ ದಿನವೇ ಹತ್ತು ನಿಮಿಷ ಓಡಿಸಿ ನೋಡುವುದು.

ಒಟ್ಟು ಬಂದದ್ದು ಹೇಳುತ್ತೇನೆ. ಮಲ್ಟಿಪ್ಲೆಕ್ಸ್‌ನಿಂದ 3.1 ಲಕ್ಷ, ಸಿಂಗಲ್ ಸ್ಕ್ರೀನ್‌ನಿಂದ 80 ಸಾವಿರ, ಹೊರಗಿನ ಪ್ರದರ್ಶನಗಳಿಂದ 2.6 ಲಕ್ಷ, ಓಟಿಟಿಯ ಮೊದಲ ಕಂತು 70 ಸಾವಿರ. ಎಲ್ಲ ಸೇರಿ 7.2 ಲಕ್ಷ. ವಾರ್ತಾ ಇಲಾಖೆಯ ಸಹಾಯಧನಕ್ಕೆ ಅರ್ಜಿ ಹಾಕಿದ್ದೇವೆ. ಅದು ಸಿಕ್ಕರೆ 10 ಲಕ್ಷ ಬರುತ್ತದೆ. ಆದರೆ ಆಯ್ಕೆ ಸಮಿತಿ ಸಿನಿಮಾ ನೋಡಿ ತೀರ್ಮಾನ ಮಾಡಬೇಕು, ಅದನ್ನು ಬಂದ ಹಣ ಅಂತ ಲೆಕ್ಕಕ್ಕೆ ಹಿಡಿಯಬೇಡಿ. ಸಹಾಯಧನವನ್ನು ನಂಬಿ ಸಾಲ ಮಾಡುವುದಂತೂ ಬೇಡವೇ ಬೇಡ.

ಮೊನ್ನೆ ಪಾಲುದಾರರ ಸಭೆ ಕರೆದೆವು. ಮುಂದಿನ ಫೈಲಿಂಗ್ ಖರ್ಚಿಗೆ 60 ಸಾವಿರ ಉಳಿಸಿ, 6.6 ಲಕ್ಷವನ್ನು ಕರಾರಿನಂತೆ ಹಂಚಿದೆವು. ಒಂದು ಲಕ್ಷ ಹಾಕಿದವರಿಗೆ 28,695 ರೂಪಾಯಿ. ಜೊತೆಗೆ ಪ್ರತಿ ಥಿಯೇಟರಿನ ಡಿಸಿಆರ್ ಪ್ರತಿ, ಬ್ಯಾಂಕ್ ಸ್ಟೇಟ್‌ಮೆಂಟ್ ಮತ್ತು ಒಂದು ಪುಟದ ಲೆಕ್ಕ. ಸಹಿ ಯಾಕೆ ಅಂದಿದ್ದ ಚಿಕ್ಕಪ್ಪ ಅದನ್ನು ಪೂರ್ತಿ ಓದಿ, ಮಲ್ಟಿಪ್ಲೆಕ್ಸ್ ಪಾಲಿನ ಬಗ್ಗೆ ಎರಡು ಪ್ರಶ್ನೆ ಕೇಳಿದರು. ಎರಡಕ್ಕೂ ಕಾಗದ ತೋರಿಸಿದೆ. ಮುಂದಿನ ಕಂತು ಓಟಿಟಿ ಲೆಕ್ಕ ಬಂದಮೇಲೆ. ಧಾರವಾಡದಲ್ಲಿ ಒಂದು ಪ್ರದರ್ಶನ ಗೊತ್ತಾಗಿದೆ, ಅದರ ಹಣವೂ ಅದಕ್ಕೆ ಸೇರುತ್ತದೆ.